ಚುಕ್ಕಿಯಿಂದಾಚೆಯ ಲೆಕ್ಕ

ದೊಡ್ಡರಂಗಯ್ಯನ ಲೆಕ್ಕ ತಪ್ಪು ಎಂದವರು ಕೋರ ಗ್ರಾಮದಲ್ಲಿ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಸರ್ವೆಯವರ ಹಿಂದೆ ಮೂವತ್ತೆಂಟು ವರ್ಷ ಹೊಲ ಅಳೆಯುವ ಚೈನು ಹಿಡಿದು ಓಡಾಡಿದ ಮನುಷ್ಯ. ಅಣ್ಣತಮ್ಮಂದಿರು ಭಾಗವಾಗುವಾಗ ಗುಬ್ಬಿ, ಕುಣಿಗಲ್ ಕಡೆಯಿಂದಲೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಪಹಣಿಯನ್ನು ಮೊಳದುದ್ದ ದೂರ ಹಿಡಿದು, ತುಟಿ ಕೂಡ ಅಲ್ಲಾಡಿಸದೆ, ಯಾರಿಗೆ ಎಷ್ಟೆಕರೆ ಎಷ್ಟು ಗುಂಟೆ ಎಂದು ಹೇಳಿಬಿಡುತ್ತಿದ್ದ. ಈಗ ಎಪ್ಪತ್ತಮೂರು. ಮಂಡಿ ಸೋತಿದೆ, ಬಾಯಿ ಸೋತಿಲ್ಲ.

ಅಂಥ ಮನೆಯಲ್ಲಿ ಲೆಕ್ಕ ಕಲಿಯಬೇಕು ಎಂದರೆ ಬೇರೆಯವರನ್ನು ಕೇಳುವುದುಂಟೆ? ಸೊಸೆ ಗಂಗಲಕ್ಷ್ಮಿ ನೇರ ಮಾವನ ಹತ್ತಿರವೇ ಹೋದಳು.

ಗಂಗಲಕ್ಷ್ಮಿ ಕೊತ್ತಗೆರೆಯ ಹುಡುಗಿ. ಏಳನೇ ಕ್ಲಾಸಿನ ಮಧ್ಯದಲ್ಲಿ ಅವ್ವನಿಗೆ ಹುಷಾರಿಲ್ಲವೆಂದು ಶಾಲೆ ಬಿಟ್ಟವಳು ಮತ್ತೆ ಹೋಗಲಿಲ್ಲ. ಮದುವೆಯಾಗಿ ಹದಿಮೂರು ವರ್ಷ. ನಾಲ್ಕು ವರ್ಷದಿಂದ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಪಂಪ್‌ಸೆಟ್ಟಿಗೆ ಹಾಕುವ, ದಪ್ಪ ಉಂಗುರದಂಥ ಕಬ್ಬಿಣದ ಬುಷ್‌ಗಳನ್ನು ಪೆಟ್ಟಿಗೆಗೆ ತುಂಬುವುದು, ಪೆಟ್ಟಿಗೆ ಎತ್ತುವುದು, ಇಳಿಸುವುದು. ಸಂಜೆ ಮನೆಗೆ ಬಂದಾಗ ಸೊಂಟ ತನ್ನದೋ ಬೇರೆಯವರದೋ ಎನ್ನುವ ಹಾಗಿರುತ್ತಿತ್ತು. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಚೆಕಿಂಗ್ ಟೇಬಲ್ ಇತ್ತು. ಅಲ್ಲಿ ನಾಲ್ಕು ಜನ ಹೆಂಗಸರು ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್ ಹಿಡಿದು, ಒಂದೊಂದೇ ಬುಷ್ ಅಳೆದು, ಸರಿ ಇದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ ಇಡುತ್ತಿದ್ದರು. ಅವರು ಬೇಡ ಎಂದರೆ ಮ್ಯಾನೇಜರ್ ಕೂಡ ಬೇಕು ಅನ್ನುವ ಹಾಗಿರಲಿಲ್ಲ. ಗಂಗಲಕ್ಷ್ಮಿಯ ಕಣ್ಣು ಆ ಸ್ಟೂಲಿನ ಮೇಲೆ ಬಿದ್ದು ಎರಡು ವರ್ಷವಾಗಿತ್ತು.

ಜೂನ್ ತಿಂಗಳ ಮೊದಲ ವಾರ ಸೂಪರ್‌ವೈಸರ್ ಸೋಮಶೇಖರ್ ಹೇಳಿದ: "ಚೆಕಿಂಗಲ್ಲಿ ಎರಡು ಜಾಗ ಖಾಲಿ ಆಗ್ತಾ ಇದೆ. ಪ್ಯಾಕಿಂಗಿಂದಾನೇ ತಗೋತೀವಿ. ಆದ್ರೆ ಪಾಯಿಂಟ್ ಲೆಕ್ಕ ಬರಬೇಕು. ಮುಂದಿನ ಸೋಮವಾರ ಪರೀಕ್ಷೆ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಗಲಕ್ಷ್ಮಿ ಮಾವನ ತಟ್ಟೆಗೆ ಮುದ್ದೆ ಬಡಿಸುತ್ತಲೇ ಕೇಳಿದಳು.

"ಮಾವ, ಚುಕ್ಕಿ ಹಾಕಿರೋ ಲೆಕ್ಕ ಕೂಡೋದು ಹೆಂಗೆ?"

ರಂಗಯ್ಯ ಹುರುಳಿಕಾಳಿನ ಸಾರಿನಲ್ಲಿ ಬೆರಳಿಟ್ಟವನು ಹಾಗೇ ತಲೆಯೆತ್ತಿದ. ಮುಖ ಅರಳಿಹೋಯಿತು. ಮಗ ಮೋಹನ್‌ಕುಮಾರ್ ಗೂಡ್ಸ್ ಆಟೋ ಓಡಿಸುವವನು, ಅಪ್ಪನನ್ನು ಹೀಗೊಂದು ಮಾತು ಹುಟ್ಟಿದಾಗಿನಿಂದ ಕೇಳಿದವನಲ್ಲ.

"ಬಲು ಸುಲಭ ಕಣವ್ವ. ಚುಕ್ಕಿ ಮುಂಚೆ ಇರೋದು ದೊಡ್ಡದು, ಆಮೇಲೆ ಇರೋದು ಚಿಕ್ಕದು. ಚಿಕ್ಕದು ನಲವತ್ತು ಆದ ತಕ್ಷಣ ಆ ಕಡೆಗೆ ಒಂದು ದಾಟಿಸು. ಅಷ್ಟೇಯ."

ಆರನೇ ಕ್ಲಾಸಿನ ಇಂಪನಾ ತುತ್ತು ನುಂಗಿಕೊಂಡು ಹೇಳಿದಳು: "ತಾತ, ನಮ್ಮ ಮಿಸ್ಸು ಹಂಗೆ ಹೇಳ್ಕೊಟ್ಟಿಲ್ಲ. ಹತ್ತು, ನೂರು ಅಂತಾರೆ. ರೂಪಾಯಿ ಪೈಸೆ ಥರ."

"ದುಡ್ಡಿಗೆ ನೂರು, ಅಳತೆಗೆ ನಲವತ್ತು. ನಿನ್ನ ಮಿಸ್ಸು ಎಷ್ಟು ಹೊಲ ಅಳೆದವ್ಳೆ? ಸುಮ್ನೆ ಉಣ್ಣು."

"ತಾತನಿಗೇ ಎದುರು ಮಾತಾಡ್ತೀಯಾ?" ಎಂದು ಅಜ್ಜಿ ಪುಟ್ಟತಾಯಮ್ಮ ಮೊಮ್ಮಗಳ ತಲೆಗೊಂದು ಮೊಟಕಿದಳು. ಮಾತು ಅಲ್ಲಿಗೆ ಮುಗಿಯಿತು.

ಪಹಣಿಯಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಎಂಬುದನ್ನು 1.20 ಎಂದೇ ಬರೆಯುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ. ಹಾಗಾಗಿ 1.20ಕ್ಕೆ 1.20 ಕೂಡಿದರೆ ಮೂರು. ರಂಗಯ್ಯನ ಪ್ರಪಂಚದಲ್ಲಿ ಚುಕ್ಕಿಗೆ ಇದ್ದದ್ದು ಇದೊಂದೇ ಕೆಲಸ. ಅವನು ಆ ವಾರವಿಡೀ ಸೊಸೆಯನ್ನು ಕೂರಿಸಿಕೊಂಡು ಕೂಡಿಸಿದ, ಕಳೆಸಿದ. ಗಂಗಲಕ್ಷ್ಮಿ ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ, ಕಾರ್ಖಾನೆಯ ಬಸ್ಸಿನಲ್ಲಿ ನಿಂತುಕೊಂಡೇ ನಲವತ್ತರ ಲೆಕ್ಕವನ್ನು ಬಾಯಿಪಾಠ ಮಾಡಿದಳು. ಭಾನುವಾರದ ಹೊತ್ತಿಗೆ ಮಾವ ಕೇಳಿ ಮುಗಿಸುವ ಮುಂಚೆಯೇ ಉತ್ತರ ಹೇಳುತ್ತಿದ್ದಳು.

"ನನ್ನ ಮಗನಿಗೆ ಬರಲಿಲ್ಲ, ಸೊಸೆಗೆ ಬಂತು" ಎಂದು ರಂಗಯ್ಯ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಸೋಮವಾರ ಸಂಜೆ ಗಂಗಲಕ್ಷ್ಮಿ ಬಸ್ಸಿಳಿದು ಬಂದವಳು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಮಡಿಸಿದ ಕಾಗದ. ಹತ್ತು ಲೆಕ್ಕದಲ್ಲಿ ಎರಡು ಸರಿ, ಎಂಟಕ್ಕೆ ಕೆಂಪು ಇಂಟು.

ರಂಗಯ್ಯ ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಬಂದು ಕಾಗದ ಬಿಡಿಸಿದ. ಮೊದಲನೆಯದು 12.35ಕ್ಕೆ 0.15 ಕೂಡಿ. ಸೊಸೆ 13.10 ಎಂದು ಬರೆದಿದ್ದಳು. ಅವನು ಮನಸ್ಸಿನಲ್ಲೇ ಕೂಡಿದ. ಸರಿ ಇದೆ. 5.00ರಲ್ಲಿ 0.15 ಕಳೆಯಿರಿ. 4.25. ಅದೂ ಸರಿ. 3.5 ಮತ್ತು 3.12, ಯಾವುದು ದೊಡ್ಡದು? 3.12. ಮೂರೆಕರೆ ಐದು ಗುಂಟೆಗಿಂತ ಮೂರೆಕರೆ ಹನ್ನೆರಡು ಗುಂಟೆ ದೊಡ್ಡದಲ್ಲದೆ ಮತ್ತೇನು! ಹತ್ತನ್ನೂ ನೋಡಿದ.

"ಯಾವನ್ಲಾ ಅವ್ನು ಇಂಟು ಹಾಕ್ದವ್ನು? ಹತ್ತಕ್ಕೆ ಹತ್ತೂ ಸರಿ ಅವೆ! ನಮ್ಮ ಹೆಣ್ಣುಮಗು ಅಂತ ಆಟ ಆಡ್ತಾವ್ನಾ?"

"ಹೋಗ್ಲಿ ಬುಡಪ್ಪ" ಎಂದ ಮೋಹನ್‌ಕುಮಾರ್.

"ಯಾಕ್ಲಾ ಬುಡ್ಲಿ? ನೀನು ಬುಟ್ಟೂ ಬುಟ್ಟೂನೇ ಇಂಗಾಗಿರೋದು."

ಮಾರನೆಯ ದಿನ ರಂಗಯ್ಯ ಒಗೆದ ಪಂಚೆಯುಟ್ಟು, ಹೆಗಲಿಗೆ ಟವೆಲ್ ಹಾಕಿ, ಪಹಣಿ ಪ್ರತಿಯನ್ನೂ ಪರೀಕ್ಷೆಯ ಕಾಗದವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಶೇರ್ ಆಟೋ ಹತ್ತಿದ. ಯಾರಿಗೂ ಹೇಳಲಿಲ್ಲ. ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಗೇಟಿನ ಮುಂದೆ ನಿಂತು, ಸೋಮಶೇಖರನನ್ನು ಕರೆಸು ಎಂದು ಸೆಕ್ಯುರಿಟಿಯವನ ಮೇಲೆ ಕೂಗಾಡಿದ. ಗೇಟಿನ ಪಕ್ಕದ ಬೇವಿನ ಮರದಡಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವರ ನಡುವೆ ಗಂಗಲಕ್ಷ್ಮಿಯೂ ಇದ್ದಳು.

"ನೋಡಪ್ಪ ಸೂಪರ್‌ವೈಸರು, ಸರ್ಕಾರದ ಮೊಹರು ಇರೋ ಪಹಣಿ ಇದು. ಚುಕ್ಕಿ ಆದ್ಮೇಲೆ ನಲವತ್ತಕ್ಕೆ ಒಂದು ದಾಟಬೇಕು. ನೀನು ಸರ್ಕಾರಕ್ಕಿಂತ ದೊಡ್ಡವನಾ?"

ಸೋಮಶೇಖರ್ ಪಹಣಿ ನೋಡಿದ. ಪರೀಕ್ಷೆಯ ಕಾಗದ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗು ತಡೆಯಲಾಗಲಿಲ್ಲ.

"ತಾತ, ನಿಮ್ಮ ಎಕರೇಲಿ ನಲವತ್ತು ಗುಂಟೆ, ಒಪ್ಪಿದೆ. ಇದು ಮಿಲ್ಲಿಮೀಟರು. ಇಲ್ಲಿ ಪಾಯಿಂಟ್ ಆದ್ಮೇಲೆ ನೂರು. ನೀವು ಬುಷ್ಷನ್ನ ಗುಂಟೆ ಲೆಕ್ಕದಲ್ಲಿ ಅಳೆಸಿದೀರಾ!"

ಬೇವಿನ ಮರದಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ಹಬ್ಬಿತು. ಊಟದ ಬಿಡುವು ಮುಗಿಯುವಷ್ಟರಲ್ಲಿ ಗಂಗಲಕ್ಷ್ಮಿಗೆ "ಗುಂಟೆ ಗಂಗಾ" ಎಂದು ಹೆಸರೂ ಬಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗಲೇ ಜಗಳ ಎದ್ದಿತು. ಮೊದಲು ಶುರು ಮಾಡಿದ್ದು ಪುಟ್ಟತಾಯಮ್ಮ.

"ಮನೆ ಮರ್ಯಾದೇನ ಪ್ಲಾಸ್ಟಿಕ್ ಕವರ್‌ನಾಗೆ ಇಟ್ಕೊಂಡು ಗೇಟಿಗೆ ತಗೊಂಡೋಗಿದ್ರಂತಲ್ಲ! ಯಾರು ಕರೆದಿದ್ರು ನಿಮ್ಮನ್ನ?"

"ನೀನು ಬಾಯಿ ಮುಚ್ಕೊ."

"ಮುಚ್ಕೊಂಡೇ ಐವತ್ತು ವರ್ಷ ಆಯ್ತು."

ಮೋಹನ್‌ಕುಮಾರ್ ನಡುವೆ ಬಂದ. "ಸಾಕು ಬುಡಿ. ಗಂಗಾ, ಪ್ಯಾಕಿಂಗೇ ಇರ್ಲಿ ಬುಡು. ಇದ್ದಂಗೆ ಇದ್ರೆ ಏನೀಗ?"

ಗಂಗಲಕ್ಷ್ಮಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಹದಿಮೂರು ವರ್ಷದಲ್ಲಿ ಮಾವನ ಮುಂದೆ ದನಿ ಎತ್ತಿದವಳಲ್ಲ.

"ಏನೀಗ ಅಂದ್ರೆ ನನ್ನ ಸೊಂಟ ಕೇಳಿ ಹೇಳುತ್ತೆ. ಮಾವ, ನನಗೆ ಆ ಸ್ಟೂಲ್ ಬೇಕು. ಹೊರೋ ಕೆಲಸ ಯಾರಾದ್ರೂ ಮಾಡ್ತಾರೆ. ನಾನು ಸರಿ ಅಂದ್ರೆ ಸರಿ, ತಪ್ಪು ಅಂದ್ರೆ ತಪ್ಪು ಅನ್ನೋ ಒಂದು ಕೆಲಸ ಮಾಡ್ಬೇಕು ಅಂತ ಆಸೆ ಇತ್ತು. ನೀವು ಹೇಳ್ಕೊಟ್ಟಿದ್ದು ತಪ್ಪು ಅಂತ ನನಗೆ ಬೇಜಾರಿಲ್ಲ. ಕೇಳ್ದೆ ಕರೀದೆ ಗೇಟಿಗೆ ಬಂದ್ರಲ್ಲ, ಅದು ನನಗೆ ಸೈರಿಸೋಕೆ ಆಗ್ಲಿಲ್ಲ."

ರಂಗಯ್ಯ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದ. ಆ ಮನೆಯಲ್ಲಿ ಮುದ್ದೆ ಬಿಟ್ಟೇಳುವುದೆಂದರೆ ಸಣ್ಣ ಮಾತಲ್ಲ.

ಒಂದು ವಾರ ಮಾವ ಸೊಸೆಯ ನಡುವೆ ಮಾತಿಲ್ಲ. ಕಾಫಿ ಲೋಟವನ್ನು ಇಂಪನಾ ತಂದು ಇಡುತ್ತಿದ್ದಳು, ಇಂಪನಾ ತೆಗೆದುಕೊಂಡು ಹೋಗುತ್ತಿದ್ದಳು. ಅಷ್ಟರಲ್ಲಿ ಎರಡು ಸ್ಟೂಲುಗಳಲ್ಲಿ ಒಂದು ಭರ್ತಿಯಾಯಿತು. ಸೋಮಶೇಖರ್ ಇನ್ನೊಂದಕ್ಕೆ ಗಡುವು ಕೊಟ್ಟ: "ಮುಂದಿನ ತಿಂಗಳ ಹತ್ತನೇ ತಾರೀಕು ಮತ್ತೆ ಪರೀಕ್ಷೆ ಇಡ್ತೀನಿ. ಆಗ್ಲೂ ಯಾರಿಗೂ ಬರಲಿಲ್ಲ ಅಂದ್ರೆ ಹೊರಗಿಂದ ಐಟಿಐ ಮಾಡಿರೋರನ್ನ ತಗೋತೀವಿ. ಆಮೇಲೆ ಪ್ಯಾಕಿಂಗ್‌ನೋರಿಗೆ ಚಾನ್ಸ್ ಇರಲ್ಲ." ಗಂಗಲಕ್ಷ್ಮಿ ಮನೆಯಲ್ಲಿ ಅದನ್ನು ಹೇಳಿದ್ದು ಮಗಳಿಗೆ ಮಾತ್ರ. ಆದರೆ ಆ ಮನೆಯ ಗೋಡೆಗಳು ಎಷ್ಟು ದಪ್ಪವಿದ್ದಾವು? ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ರಂಗಯ್ಯನಿಗೂ ಕೇಳಿಸಿತು.

ಭಾನುವಾರ ಬೆಳಿಗ್ಗೆ ಇಂಪನಾ ಜಗಲಿಯಲ್ಲಿ ಹೋಂವರ್ಕಿಗೆ ಗೆರೆ ಎಳೆಯುತ್ತಿದ್ದಳು.

"ಆ ಸ್ಕೇಲು ತತ್ತಾ ಇಲ್ಲಿ."

ಇಂಪನಾ ಅನುಮಾನದಿಂದಲೇ ಕೊಟ್ಟಳು. ರಂಗಯ್ಯ ಒಂದಕ್ಕೂ ಎರಡಕ್ಕೂ ನಡುವಿನ ಸಣ್ಣ ಗೆರೆಗಳನ್ನು ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಎಣಿಸಿದ. ಮತ್ತೆ ಎಣಿಸಿದ. ಚೈನು ಹಿಡಿದವನು ಯಾರ ಮಾತನ್ನೂ ನಂಬುವುದಿಲ್ಲ, ಅಳತೆಯ ಕಡ್ಡಿ ಹೇಳಿದ್ದನ್ನು ಮಾತ್ರ ನಂಬುತ್ತಾನೆ.

"ಹತ್ತೇ ಅವೆ ಕಣಮ್ಮಿ."

"ಹೂಂ ತಾತ. ಆ ಹತ್ತರಲ್ಲಿ ಒಂದೊಂದನ್ನೂ ಮತ್ತೆ ಹತ್ತು ಮಾಡಿದ್ರೆ ನೂರು."

"ಚುಕ್ಕಿ ಆದ್ಮೇಲೆ ಐದು ಅಂದ್ರೆ ಎಲ್ಲಿಗೆ ಬರುತ್ತೆ?"

ಇಂಪನಾ ಪೆನ್ಸಿಲ್ ತುದಿ ಇಟ್ಟಳು. "ಇಲ್ಲಿ. ಸರಿಯಾಗಿ ಅರ್ಧ."

"ಚುಕ್ಕಿ ಸೊನ್ನೆ ಐದು?"

"ಅದು ಇಷ್ಟೇ ಇಷ್ಟು. ಮೊದಲನೇ ಗೆರೆಗೂ ಮುಟ್ಟಲ್ಲ."

"ಹಂಗಾರೆ ಮೂರು ಚುಕ್ಕಿ ಹನ್ನೆರಡಕ್ಕಿಂತ ಮೂರು ಚುಕ್ಕಿ ಐದೇ ದೊಡ್ಡದು."

"ಅದನ್ನೇ ಅಲ್ವಾ ತಾತ ಅವತ್ತು ನಾನು ಹೇಳೋಕೆ ಬಂದಿದ್ದು? ಅಜ್ಜಿ ಮೊಟಕಿದ್ಲು."

ರಂಗಯ್ಯ ಸ್ಕೇಲು ಹಿಡಿದುಕೊಂಡು ಎದ್ದ. ಒಳಗೆ ಗಂಗಲಕ್ಷ್ಮಿ ಒಲೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಮಾವ ಅಡುಗೆಮನೆಗೆ ಬಂದದ್ದು ನೋಡಿ ಗಾಬರಿಯಾಗಿ ಸೆರಗು ಸರಿಮಾಡಿಕೊಂಡು ನಿಂತಳು.

"ಗಂಗಮ್ಮ, ನಾನು ತಪ್ಪು ಹೇಳ್ಕೊಟ್ಟೆ ಕಣವ್ವ. ಗೇಟಿಗೂ ಬರಬಾರದಾಗಿತ್ತು."

ಮೂಲೆಯಲ್ಲಿ ರಾಗಿ ಕೇರುತ್ತಿದ್ದ ಪುಟ್ಟತಾಯಮ್ಮನ ಕೈಯಲ್ಲಿದ್ದ ಮೊರ ನಿಂತುಹೋಯಿತು. ಐವತ್ತು ವರ್ಷದ ಸಂಸಾರದಲ್ಲಿ ಆ ಬಾಯಿಂದ 'ತಪ್ಪು' ಎಂಬ ಮಾತು ಅವಳಿಗೆ ಒಂದು ಸಲವೂ ದಕ್ಕಿರಲಿಲ್ಲ. ಈಗ ಸೊಸೆಗೆ ದಕ್ಕಿತು. ಹೊಟ್ಟೆಕಿಚ್ಚಾಯಿತೋ ಸಂತೋಷವಾಯಿತೋ, ಅವಳಿಗೇ ಗೊತ್ತಾಗಲಿಲ್ಲ.

ಗಂಗಲಕ್ಷ್ಮಿಯ ಕಣ್ಣು ತುಂಬಿತು. "ಬಿಡಿ ಮಾವ, ಅದಕ್ಕೇನಂತೆ."

"ಬಿಡೋದೇನು? ಇನ್ನೂ ಇಪ್ಪತ್ತು ದಿನ ಐತೆ. ಸೊಪ್ಪು ಆ ಕಡೆ ಇಡು. ಇಂಪನಾ ಹೇಳ್ಕೊಡ್ತಾಳೆ, ಇಬ್ರೂ ಕಲಿಯಾಣ."

ಕಲಿಯುವುದೇನೋ ಸುಲಭ, ಕಲಿತದ್ದನ್ನು ಮರೆಯುವುದಿದೆಯಲ್ಲ, ಅದು ಕಷ್ಟ. ರಂಗಯ್ಯನ ಬಾಯಿಗೆ ಮೊದಲು ನಲವತ್ತೇ ಬರುತ್ತಿತ್ತು. 7.35ಕ್ಕೆ 0.10 ಎಂದರೆ "ಎಂಟು ಐದು" ಎಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡು, "ಏಯ್, ಏಳು ಚುಕ್ಕಿ ನಲವತ್ತೈದು, ನಲವತ್ತೈದು" ಎನ್ನುತ್ತಿದ್ದ. ಗಂಗಲಕ್ಷ್ಮಿಯೂ ಮೊದಮೊದಲು ಹಾಗೇ ಎಡವುತ್ತಿದ್ದಳು. ಇಬ್ಬರಲ್ಲಿ ಯಾರು ಎಡವಿದರೂ ಇಂಪನಾ ಹಲಗೆಗೆ ಸ್ಕೇಲಿನಿಂದ ಟಕ್ ಎಂದು ಬಡಿಯುತ್ತಿದ್ದಳು. ತಾತ ಎಡವಿದಾಗ ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದಳು ಎಂದು ಪುಟ್ಟತಾಯಮ್ಮನ ಗುಮಾನಿ.

ಮೂರನೆಯ ದಿನ ಸಂಜೆ ಗಂಗಲಕ್ಷ್ಮಿ ಹಿಟ್ಟಿಗೆ ಎಸರಿಟ್ಟು, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ ಇಟ್ಟಿದ್ದಳು. ಪುಟ್ಟತಾಯಮ್ಮ ಬಂದು ಅವಳ ಕೈಯಿಂದ ಮುದ್ದೆಕೋಲು ಕಿತ್ತುಕೊಂಡಳು.

"ಏಳು ಆ ಕಡೆ. ಹಿಟ್ಟೂ ಗಂಟಾಗುತ್ತೆ, ಲೆಕ್ಕನೂ ಗಂಟಾಗುತ್ತೆ. ಹತ್ತನೇ ತಾರೀಕು ಆಗೋವರ್ಗೂ ಒಲೆ ನಂದು."

"ಅತ್ತೆ, ನಿಮ್ಮ ಭುಜ ನೋವು..."

"ನನ್ನ ಭುಜಕ್ಕೆ ಏನೂ ಆಗಲ್ಲ. ಆ ನಗಾಡಿದ್ರಲ್ಲ ಮುಂಡೇವು, ಅವರ ಬಾಯಿ ಮುಚ್ಚಿಸು, ಸಾಕು."

ಮೋಹನ್‌ಕುಮಾರನಿಗೂ ಸುಮ್ಮನಿರಲಾಗಲಿಲ್ಲ. ಇದ್ದಂಗೆ ಇರು ಎಂದವನು ಒಂದು ದಿನ ಅಂತರಸನಹಳ್ಳಿಯ ಲೇತ್ ಅಂಗಡಿಯ ಗೆಳೆಯನಿಂದ ಹಳೆಯದೊಂದು ಡಿಜಿಟಲ್ ವರ್ನಿಯರ್ ಎರಡು ವಾರಕ್ಕೆಂದು ಕೇಳಿ ತಂದ. ಅಂಕಿಗಳು ತೋರುವ ಸಣ್ಣ ಪರದೆಯ, ಎರಡು ದವಡೆಯ ಕಬ್ಬಿಣದ ಉಪಕರಣ. ದವಡೆಯ ನಡುವೆ ಏನಿಟ್ಟರೂ ಅದರ ದಪ್ಪವನ್ನು ಮಿಲ್ಲಿಮೀಟರಿನಲ್ಲಿ, ಚುಕ್ಕಿ ಹಾಕಿ ತೋರಿಸುತ್ತಿತ್ತು.

"ತಗೋ. ಹಾಳು ಮಾಡಿದ್ರೆ ನನ್ನ ಆಟೋ ಮಾರಬೇಕು" ಎಂದು ಹೆಂಡತಿಯ ಕೈಗಿಟ್ಟ.

ಅವತ್ತಿನಿಂದ ಆ ಮನೆಯಲ್ಲಿ ಅಳೆಸಿಕೊಳ್ಳದೆ ಉಳಿದ ವಸ್ತುವಿಲ್ಲ. ಬಳೆ 2.15. ತೆಂಗಿನಗರಿಯ ಕಡ್ಡಿ 1.80. ರಂಗಯ್ಯನ ಕನ್ನಡಕದ ಕಾಲು 3.05, "3.5 ಅಲ್ಲ ತಾತ, 3.05". ಪುಟ್ಟತಾಯಮ್ಮನ ಮೂಗುಬೊಟ್ಟನ್ನು ಮೂಗಿನಲ್ಲಿದ್ದಂತೆಯೇ ಅಳೆಯಲು ಹೋಗಿ ಇಂಪನಾ ಬೈಸಿಕೊಂಡಳು. ಒಂದು ದಿನ ಗಂಗಲಕ್ಷ್ಮಿ ತನ್ನ ತಲೆಯಿಂದ ಒಂದು ಕೂದಲು ಕಿತ್ತು ದವಡೆಗೆ ಕೊಟ್ಟಳು. 0.07. ಎಲ್ಲರೂ ಬಗ್ಗಿ ನೋಡಿದರು.

"ಒಂದು ಕೂದಲಲ್ಲಿ ಏಳು ಭಾಗ ಮಾಡುತ್ತಾ ಇದು?" ಎಂದ ರಂಗಯ್ಯ.

"ಹೂಂ ಮಾವ."

"ನಾನು ಗದ್ದೆ ಬದುವಲ್ಲಿ ಒಂದು ಗೇಣು ಆಚೀಚೆ ಆದ್ರೆ ಹೋಗ್ಲಿ ಬುಡ್ರಪ್ಪ ಅಂದವ್ನು" ಎಂದು ಅವನು ಕನ್ನಡಕ ಒರೆಸಿಕೊಂಡು ಆ ಅಂಕಿಯನ್ನು ಮತ್ತೊಮ್ಮೆ ನೋಡಿದ.

ಹತ್ತನೇ ತಾರೀಕು ಪರೀಕ್ಷೆಗೆ ಆರು ಜನ ಇದ್ದರು. ಮೊದಲು ಕಾಗದದ ಲೆಕ್ಕ. ಗಂಗಲಕ್ಷ್ಮಿಗೆ ಹತ್ತಕ್ಕೆ ಹತ್ತು. ಇನ್ನೊಬ್ಬಳು ಪೂಜಾ ಎಂಬುವಳು, ಪ್ಯಾಕಿಂಗಿಗೆ ಹೊಸದಾಗಿ ಸೇರಿದ್ದ, ಪಿಯುಸಿ ಓದಿದವಳು, ಅವಳಿಗೂ ಹತ್ತು. ಉಳಿದವರು ಹೊರಬಿದ್ದರು.

ಸೋಮಶೇಖರ್ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದ ಹತ್ತು ಬುಷ್ ಇಟ್ಟ. "24.95ರಿಂದ 25.05ರ ಒಳಗಿದ್ರೆ ಪಾಸು. ಯಾವುದು ರಿಜೆಕ್ಟ್ ಅಂತ ಬರೀರಿ."

ಪೂಜಾ ಬೇಗ ಮುಗಿಸಿದಳು. ಮೂರು ಮತ್ತು ಎಂಟು ರಿಜೆಕ್ಟ್ ಎಂದು ಬರೆದಳು. ಸೋಮಶೇಖರನ ಚೀಟಿಯಲ್ಲಿದ್ದದ್ದೂ ಅದೇ. ಗಂಗಲಕ್ಷ್ಮಿ ಒಂದೊಂದು ಬುಷ್ಷನ್ನೂ ಬಟ್ಟೆಯಲ್ಲಿ ಒರೆಸಿ, ಎರಡೆರಡು ಕಡೆ ತಿರುಗಿಸಿ ಅಳೆದಳು. ಮೂರು, ಆರು, ಎಂಟು ಎಂದು ಬರೆದು ಕೊಟ್ಟಳು.

ಪ್ಯಾಕಿಂಗ್‌ನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. "ಗುಂಟೆ ಲೆಕ್ಕ ಹಾಕಿರ್ಬೇಕು" ಎಂದು ಯಾರೋ ಅಂದದ್ದು ಕೇಳಿಸಿತು.

"ಆರನೇದು ಓಕೆ ಇದೆಯಲ್ಲಮ್ಮ" ಎಂದ ಸೋಮಶೇಖರ್. "ಬೆಳಿಗ್ಗೆ ನಾನೇ ಅಳೆದಿದೀನಿ. 25.05."

ಗಂಗಲಕ್ಷ್ಮಿ ಆರನೇ ಬುಷ್ಷನ್ನು ಮತ್ತೆ ಕೈಗೆತ್ತಿಕೊಂಡಳು. ಸರಿ ಸಾರ್ ಎಂದುಬಿಟ್ಟರೆ ಒಂದು ತಪ್ಪಿಗೆ ಸ್ಟೂಲ್ ಪೂಜಾಳದ್ದು. ಇಲ್ಲ ಎಂದು ತನ್ನದೇ ತಪ್ಪಾದರೆ ನಗುವುದಕ್ಕೆ ಇಡೀ ಶೆಡ್ಡು ಕಾದಿದೆ. ಆದರೆ ಅವಳ ಕಣ್ಣು ನೋಡಿದ್ದನ್ನು ನೋಡಿತ್ತು.

"ಇಲ್ಲ ಸಾರ್. 25.06. ಇನ್ನೊಂದು ಸಲ ಅಳೀರಿ."

"ಒಂದೇ ಒಂದು ಪಾಯಿಂಟಿಗೆ..."

"ಒಂದಾದ್ರೂ ಜಾಸ್ತಿ ಜಾಸ್ತಿನೇ ಸಾರ್. ಒರೆಸಿ ಅಳೀರಿ."

ಸೋಮಶೇಖರ್ ಬುಷ್ ಒರೆಸಿದ. ಅಳೆದ. ಪರದೆಯನ್ನು ಕಣ್ಣಿನ ಹತ್ತಿರ ತಂದ. ತಿರುಗಿಸಿ ಮತ್ತೆ ಅಳೆದ. ಮೂರನೇ ಸಲ ಬೇರೆ ವರ್ನಿಯರ್ ತರಿಸಿ ಅಳೆದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ತನ್ನ ಚೀಟಿಯಲ್ಲಿ ಬರೆದಿದ್ದನ್ನು ಹೊಡೆದುಹಾಕಿ 25.06 ಎಂದು ಬರೆದ.

"ಸೋಮವಾರದಿಂದ ಈ ಕಡೆ ಬಾರಮ್ಮ" ಎಂದ.

ಅವತ್ತು ಸಂಜೆ ಕಾರ್ಖಾನೆಯ ಬಸ್ಸು ಕೋರದ ಸ್ಟಾಪಿನಲ್ಲಿ ನಿಂತಾಗ ರಂಗಯ್ಯ ಅಲ್ಲೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಸುಮ್ಮನೆ ಬಂದೆ ಎನ್ನುವ ಮುಖ. ನಾಲ್ಕು ಗಂಟೆಯಿಂದಲೂ ಸುಮ್ಮನೆ ಬಂದು ಕೂತಿದ್ದಾನೆಂದು ಅಂಗಡಿಯವನು ಆಮೇಲೆ ಹೇಳಿದ. ಬಸ್ಸಿನ ಕಿಟಕಿಗಳಲ್ಲಿ ಹೆಂಗಸರ ತಲೆಗಳು ಸಾಲಾಗಿ ಹೊರಬಂದವು. ಗೇಟಿನಲ್ಲಿ ಕೂಗಾಡಿದ ಮುದುಕನನ್ನು ಯಾರೂ ಮರೆತಿರಲಿಲ್ಲ.

ಗಂಗಲಕ್ಷ್ಮಿ ಇಳಿದು ಮಾವನ ಮುಂದೆ ನಿಂತಳು. ಏನಾಯಿತೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

"ಹತ್ತಕ್ಕೆ ಹತ್ತು ಮಾವ. ಬುಷ್ ಅಳೆಯೋದ್ರಲ್ಲಿ ಸೂಪರ್‌ವೈಸರ್‌ದೇ ಒಂದು ತಪ್ಪು ಹಿಡಿದೆ. ಸೋಮವಾರದಿಂದ ಚೆಕಿಂಗು."

"ಎಷ್ಟರಲ್ಲಿ ತಪ್ಪಿದ್ದ?"

"ಚುಕ್ಕಿ ಸೊನ್ನೆ ಒಂದು."

ರಂಗಯ್ಯ ಒಂದು ಗಳಿಗೆ ಲೆಕ್ಕ ಹಾಕಿದ. ಈ ಸಲ ನಲವತ್ತು ಅಡ್ಡ ಬರಲಿಲ್ಲ. ಕೂದಲಿನ ಏಳರಲ್ಲಿ ಒಂದು ಭಾಗ. ಅವನು ಕೈ ಚಾಚಿ, ಸೊಸೆಯ ಹೆಗಲಿನಿಂದ ಬುತ್ತಿಯ ಬ್ಯಾಗನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

"ಅಯ್ಯೋ ಮಾವ, ಕೊಡಿ ಇಲ್ಲಿ, ಜನ ನೋಡ್ತಾವ್ರೆ."

"ನೋಡ್ಲಿ."

ಗುಲಾಬಿ ಬಣ್ಣದ ಹೂವಿನ ಬ್ಯಾಗು ಹೆಗಲಲ್ಲಿ ತೂಗಾಡಿಸಿಕೊಂಡು ಅವನು ಊರ ಬೀದಿಯ ನಟ್ಟನಡುವೆ ನಡೆದ. ಎರಡು ಹೆಜ್ಜೆ ಹಿಂದೆ ಗಂಗಲಕ್ಷ್ಮಿ, ನಾಚಿಕೆಯೂ ನಗುವೂ ಒಟ್ಟಿಗೆ ಬಂದು. ಅರಳಿಕಟ್ಟೆಯ ಹತ್ತಿರ ಅವನ ಓರಗೆಯ ಕದರಯ್ಯ ಎದುರಾದ.

"ಏನ್ ರಂಗಣ್ಣ, ಕೊನೆಗೆ ಸೊಸೆ ಬ್ಯಾಗ್ ಹೊರೋ ಕಾಲ ಬಂತಾ?"

"ಹೂಂ ಕಣ್ಲಾ ಕದರ" ಎಂದ ರಂಗಯ್ಯ, ನಿಲ್ಲದೆಯೇ. "ಅವಳದು ಅಳತೆ ಹಿಡಿಯೋ ಕೈ. ಭಾರ ಹೊತ್ತು ನಡುಗ್ಬಾರ್ದು."